ಬೀಗರನ್ನು ಬೈಯಲು ಅನುಮತಿ ಕೋರಿ

ಮಾನ್ಯ ಓದುಗರ ಗಮನಕ್ಕೆ ವಿನಯಪೂರ್ವಕವಾಗಿ ತರಬಯಸುವುದೇನೆಂದರೆ, ನಮ್ಮ ದೊಡ್ಡವ್ವನಿಂದ ಒಮ್ಮೆಯಾದರೂ ಬೈಸಿಕೊಳ್ಳದವನನ್ನು ನಮ್ಮ ಊರಿನಲ್ಲಿ ಯಾರೂ ದೊಡ್ಡ ಮನುಷ್ಯನೆಂದು ಪರಿಗಣಿಸುತ್ತಿರಲಿಲ್ಲ. ಚುನಾವಣೆಗೆ ನಿಲ್ಲುವವರು ಮೊದಲು ಆಕೆಯ ಕಟ್ಟೆಯ ಮುಂದೆ ಹಾದು, ಬೈಸಿಕೊಂಡು, ಆನಂತರವೇ ನಾಮಪತ್ರ ಸಲ್ಲಿಸುತ್ತಿದ್ದರು. ಇದು ಉತ್ಪ್ರೇಕ್ಷೆಯೆಂದು ತಾವು ಭಾವಿಸಿದಲ್ಲಿ ನನ್ನ ಆಕ್ಷೇಪಣೆ ಇರುವುದಿಲ್ಲ. ಸ್ವಲ್ಪ ಇದೆ.

ಸದರಿ ದೊಡ್ಡವ್ವ ನನ್ನ ತಂದೆಯ ಅಣ್ಣನ ಹೆಂಡತಿ. ಆಕೆಯ ಇನ್ನೊಂದು ಗುಣವನ್ನೂ ಇಲ್ಲಿಯೇ ದಾಖಲಿಸುವುದು ಸೂಕ್ತ: ಯಾರ ಮಾತನ್ನೂ ಪೂರ್ತಿ ಮುಗಿಸಲು ಆಕೆ ಬಿಟ್ಟವಳಲ್ಲ. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ" ಎನ್ನುವಷ್ಟರಲ್ಲಿ ಉತ್ತರ ಸಿದ್ಧ.

"ನಿಮ್ಮ ಅತ್ತಿ ಮನಿಗಂತೂ ಅಲ್ಲ. ಸಂಶಿಗೆ ಒಂದು ಟಿಕೀಟ ಹರಿ."

"ಯವ್ವಾ, ಸ್ವಲ್ಪ ಮುಂದ..."

"ಮುಂದ ಎಲ್ಲಿ ಸರೀಲೋ? ಡ್ರೈವರನ ತೊಡಿ ಮ್ಯಾಲ ಕುಂದ್ರಲೇನು?"

ಆಕೆಯ ಈ ಪ್ರತಿಭೆಗೆ ಮದುವೆಗಳಲ್ಲಿ ಮಾತ್ರ ವಿಧಿವತ್ತಾದ ಮಾನ್ಯತೆ ದೊರೆಯುತ್ತಿತ್ತು. ಬೀಗರು ಊಟಕ್ಕೆ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಬೈದು ಹಾಡುವುದು ನಮ್ಮ ಕಡೆಯ ಪದ್ಧತಿ. ಅದಕ್ಕಾಗಿ ದುಮ್ಮವಾಡದವರೆಗೂ ದೊಡ್ಡವ್ವನಿಗೆ ಕರೆ ಬರುತ್ತಿತ್ತು. ಒಮ್ಮೆ ಒಬ್ಬ ಬೀಗರ ಹೊಟ್ಟೆಯನ್ನು ಕುರಿತು ಆಕೆ ಹೀಗೆ ಹಾಡಿದಳು:

"ಬೀಗರ ಹೊಟ್ಟಿ ನೋಡ, ಜ್ವಾಳದ ಹಗೇವು ನೋಡ,
ಹಂಡೆ ಹುಗ್ಗಿ ಸುರದರೂ ತಳಾ ಮುಚ್ಚವಲ್ದ."

ಹೊಟ್ಟೆಯನ್ನು ನೆಲದೊಳಗಿನ ಕಣಜಕ್ಕೆ ಹೋಲಿಸಿದ್ದಕ್ಕೆ ಸದರಿ ಬೀಗರು ಕೋಪಿಸಿಕೊಂಡರೇ? ಇಲ್ಲ. ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡರು.

ಹೀಗಿರುವಾಗ ನನ್ನ ತಂಗಿಗೆ ದೇವಿಕೊಪ್ಪದ ಸಂಬಂಧ ಗೊತ್ತಾಯಿತು. ಎಲ್ಲವೂ ಸುಗಮವಾಗಿ ನಡೆದಿರಲು, ವರನ ಸೋದರಮಾವನಾದ ಶಾಲಾ ಮಾಸ್ತರರಿಂದ ತಂದೆಗೆ ಒಂದು ಪತ್ರ ಬಂದಿತು. ವರನಿಗೆ ಮಾತು ತೊದಲುತ್ತದೆ. ಅವನ ಅಣ್ಣನ ಮದುವೆಯಲ್ಲಿ ಹಾಡುವವಳೊಬ್ಬಳು ಅದನ್ನು ಅಣಕಿಸಿ ಹಾಡಿದ್ದರಿಂದ ಹುಡುಗ ಎಲೆ ಬಿಟ್ಟು ಎದ್ದು ಹೋಗಿದ್ದ. ಆದ್ದರಿಂದ ಈ ಮದುವೆಯಲ್ಲಿ ಬೈಯುವ ಹಾಡು ಇರತಕ್ಕದ್ದಲ್ಲ, ಇದ್ದಲ್ಲಿ ಸಂಬಂಧ ಮುರಿದಂತೆಯೇ ಸರಿ ಎಂಬುದು ಪತ್ರದ ಸಾರಾಂಶ. ತಂದೆಯವರು ಅದನ್ನು ಓದಿ ಹೇಳಿದರು. ಅರ್ಧಕ್ಕೇ ದೊಡ್ಡವ್ವ ತಡೆದಳು.

"ಹುಡುಗನ ನಾಲಿಗಿ ತಡವರಸೂದಕ್ಕ ನಾ ಯಾಕ ಬೈಲಿ? ಹೊಟ್ಟಿ ಅವ ತಿಂದು ಬೆಳಸ್ಯಾನ, ಬೈತೇನಿ. ಜಿಪುಣತನ ಅವ ಕಲ್ತಾನ, ಬೈತೇನಿ. ಹುಟ್ಟಿನಿಂದ ಬಂದದ್ದಕ್ಕ ಬೈದ್ರ ಅದು ಹಾಡಲ್ಲ, ಕಲ್ಲು ಒಗದಂಗ. ಲೇ ತಮ್ಮಾ, ನೀ ಆಫೀಸಿನ್ಯಾಗ ಕಾಗದ ಬರಿಯಾಂವ ಅಲ್ಲೇನು? ಬರಿ."

ಆಗಷ್ಟೇ ಕಚೇರಿಗೆ ಬಂದಿದ್ದ ಕನ್ನಡ ಟೈಪ್‌ರೈಟರಿನ ಮೇಲೆ ನಾನು ಮೊದಲು ಬೆರಳಾಡಿಸಿದ್ದು ಮಾಸ್ತರರಿಗೆ ಕಳಿಸಿದ ಈ ಅರ್ಜಿಗಾಗಿಯೇ. ವಿಷಯ: ಬೀಗರನ್ನು ಬೈಯಲು ಅನುಮತಿ ಕೋರಿ. ಇದರೊಂದಿಗೆ ಎರಡು ಭಾಗಗಳ ಪಟ್ಟಿಯನ್ನು ಲಗತ್ತಿಸಲಾಯಿತು. ಬೈಯಬಹುದಾದವು: ಹೊಟ್ಟೆ, ಮೀಸೆ, ಗೊರಕೆ, ಜಿಪುಣತನ, ಸೋಮಾರಿತನ. ಬೈಯಬಾರದವು: ಬಣ್ಣ, ಕುಲ, ಕುಂಟು, ಕುರುಡು, ತೊದಲು, ಮಕ್ಕಳಿಲ್ಲದಿರುವುದು.

"ಬೋಳ ತಲಿ ಯಾವ ಕಡೆ ಬರೀಲಿ, ದೊಡ್ಡವ್ವಾ?"

"ಎಣ್ಣಿ ಹಚ್ಚದ ತಾನ ಕಳಕೊಂಡಾನ. ಬೈಯೂ ಕಡೆ ಹಾಕು."

"ನಮ್ಮಪ್ಪಂದೂ ಬೋಳ ಐತಿ."

ದೊಡ್ಡವ್ವ ತಂದೆಯವರ ತಲೆಯನ್ನು ಕೂಲಂಕಷವಾಗಿ ಪರಿಶೀಲಿಸಿದಳು.

"ಹಂಗಾರ ಎರಡೂ ಕಡೆ ಹಾಕು."

ಇಷ್ಟೊಂದು ಶಿಸ್ತಿನ ಅರ್ಜಿಯನ್ನು ಮಾಸ್ತರರು ಒಂದೇ ಸಾಲಿನಲ್ಲಿ ತಿರಸ್ಕರಿಸಿದರು. ತಂದೆಯವರು ದೊಡ್ಡವ್ವನ ಮುಂದೆ ಕೈಮುಗಿದು ನಿಂತರು. ಮೈದುನ ಕೈಮುಗಿದದ್ದನ್ನು ಆಕೆ ಎಂದೂ ನೋಡಿರಲಿಲ್ಲ. "ಆತು ಬಿಡಪಾ" ಎಂದಷ್ಟೇ ಹೇಳಿ ಒಳಗೆ ಹೋದಳು. ಬೈಯಲಿಲ್ಲ!

ಮದುವೆಯ ದಿನ ದೊಡ್ಡವ್ವ ಬಾಯಿಯ ತುಂಬ ಎಲೆ ಅಡಿಕೆ ತುಂಬಿಕೊಂಡು ಕಂಬಕ್ಕೊರಗಿ ಕುಳಿತಳು. ಆಕೆಯೇ ಹಾಡದಿರುವಾಗ ಉಳಿದ ಹೆಂಗಸರು ಬಾಯಿ ತೆರೆಯುವುದುಂಟೇ? ಗೋದಿ ಹುಗ್ಗಿ ಬಂದಿತು, ತುಪ್ಪ ಬಂದಿತು, ಎಣ್ಣೆಗಾಯಿ ಬಂದಿತು. ಬೀಗರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಪಂಕ್ತಿಯಲ್ಲಿ ಅಗಿಯುವ ಸದ್ದೊಂದೇ. ಕೊನೆಗೆ ವರನ ಅಜ್ಜಿ ಎಲೆಯಿಂದ ಕೈ ಎತ್ತಿದರು.

"ಏನ್ರಿ ಬೀಗರ, ನಮಗ ಒಂದು ಬೈಗಳಕ್ಕೂ ಗತಿಯಿಲ್ಲೇನ್ರಿ? ನಾವೇನ ಬೀಗರೋ, ಹಾದಿ ತಪ್ಪಿ ಬಂದ ಮಂದಿಯೋ? ಸತ್ತವರ ಮಣ್ಣಿಗೆ ಹೋಗಿ ಬಂದು ಉಣ್ಣಾಕ ಕುಂತಂಗ ಆಗೇತಿ."

ಒಬ್ಬರ ಹಿಂದೆ ಒಬ್ಬರು ಕೈ ಎತ್ತಿದರು. ತಂದೆಯವರು ಮಾಸ್ತರರ ಮುಖ ನೋಡಿದರು, ಮಾಸ್ತರರು ಹುಗ್ಗಿಯ ಮುಖ ನೋಡಿದರು. ತಂಗಿಯ ಕಣ್ಣುಗಳು ತುಂಬಿದ್ದವು. ಬೈದರೆ ಮುರಿಯುವ ಸಂಬಂಧ ಬೈಯದೆಯೂ ಮುರಿಯುವುದಾದರೆ ಯಾವ ಕಚೇರಿಗೆ ಹೋಗುವುದು?

ಆಗ ತಂಗಿಯ ಪಕ್ಕದಲ್ಲಿ ಕುಳಿತಿದ್ದ ವರನೇ ದೊಡ್ಡವ್ವನ ಕಡೆಗೆ ತಿರುಗಿ ಬಾಯಿ ತೆರೆದನು. ಅವನು ಹೇಗೆ ನುಡಿದನೋ ಹಾಗೆಯೇ ಬರೆಯುವುದು ಪಟ್ಟಿಯ ಎರಡನೆಯ ಭಾಗದ ಉಲ್ಲಂಘನೆಯಾಗುವುದರಿಂದ ನೇರವಾಗಿ ಬರೆದಿದ್ದೇನೆ.

"ಅತ್ತಿಯವರ, ನನ್ನ ಸಲುವಾಗಿ ನಿಮ್ಮ ಬಾಯಿ ಕಟ್ಯಾರ. ನನಗೂ ಒಂದು ಬೈರಿ."

ಬರೆದಷ್ಟು ಬೇಗ ಅದು ಮುಗಿಯಲಿಲ್ಲ. ನಡುವೆ ಮಾಸ್ತರರು ತಾವೇ ಮಾತು ಪೂರೈಸಲು ಮುಂದಾದರು. ದೊಡ್ಡವ್ವ ಅಂಗೈ ಎತ್ತಿ ಅವರನ್ನು ತಡೆದಳು. ಹುಡುಗ ಕೊನೆಯ ಅಕ್ಷರವನ್ನು ಮುಟ್ಟುವವರೆಗೆ ಕಣ್ಣು ಕದಲಿಸದೆ ಕಾದಳು. ಆಮೇಲೆ ಎದ್ದು ಹೋಗಿ ಬಾಯಿಯ ಎಲೆ ಅಡಿಕೆ ಉಗುಳಿ ಬಂದು, ಬಾಗಿಲಲ್ಲಿದ್ದ ಅವನ ಹೊಸ ಬೂಟುಗಳನ್ನು ನೋಡಿ ಸ್ವರ ತೆಗೆದಳು:

"ಅಳಿಯನ ಬೂಟು ನೋಡ, ಕಿರ್ರಂತ ಕೂಗತಾವ,
ಬಂಡಿ ಬಂತಂತ ತಿಳದು ಎಮ್ಮಿ ಬೆದರ್ಯಾವ."

ಎಲ್ಲರಿಗಿಂತ ಮೊದಲು ನಕ್ಕವನು ವರ. ಎತ್ತಿದ ಕೈಗಳು ಹುಗ್ಗಿಗೆ ಮರಳಿದವು. ಮುಂದಿನ ಹಾಡು ಮಾಸ್ತರರ ಬೋಳು ತಲೆಯ ಮೇಲೆ ನಡೆಯಿತು. ಪಟ್ಟಿಯ ಪ್ರಕಾರ ಅದು ಎರಡೂ ಕಡೆ ಇದ್ದುದರಿಂದ ಯಾರೂ ತಕರಾರು ಎತ್ತಲಿಲ್ಲ.

ಈಗಲೂ ದೊಡ್ಡವ್ವ ನನ್ನ ಮಾತನ್ನು ಮೂರನೆಯ ಶಬ್ದಕ್ಕೇ ಕತ್ತರಿಸುತ್ತಾಳೆ. ಆದರೆ ತಂಗಿಯ ಗಂಡ ಬಂದು ಮಾತು ಆರಂಭಿಸಿದರೆ ಬೀಸುವ ಕಲ್ಲನ್ನು ನಿಲ್ಲಿಸಿ, ಗೂಟದ ಮೇಲೆ ಕೈಯಿಟ್ಟು ಕಾಯುತ್ತಾಳೆ. ಅವನ ಮಾತು ಪೂರ್ತಿ ಮುಗಿದ ಮೇಲೆ, ಮನಸಾರೆ ಬೈಯುತ್ತಾಳೆ.