ಕಡಲಿಗೆ ಉಡಿ ತುಂಬಿದ್ದು

ಚಳಿ ಪ್ರದೇಶದಿಂದ ಮರಳಿ ಬಂದ ಮನುಷ್ಯನನ್ನು ಯಾರೂ ಮಾತಿಗೆ ಎಳೆಯಬಾರದು. ಅವನು ಬಿಡುವುದಿಲ್ಲ. ಇದನ್ನು ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಕಾರಣ, ಆ ಮನುಷ್ಯ ನಾನೇ. ಲಡಾಖಿನಲ್ಲಿ ರಸ್ತೆ ಮಾಡುವ ಒಂದು ಕ್ಯಾಂಪಿನಲ್ಲಿ ಜನರೇಟರು, ಡೋಜರುಗಳ ಮೆಕ್ಯಾನಿಕ್ ಆಗಿ ಎರಡು ಚಳಿಗಾಲ ಕಳೆದು ಅಲಖನೂರಿಗೆ ಮರಳಿದ ಮೇಲೆ, ನಮ್ಮೂರಲ್ಲಿ ನನ್ನೆದುರು ‘ಇವತ್ತ ಥಂಡಿ ಭಾಳ ಐತಿ’ ಎನ್ನುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಯಾರಾದರೂ ಬಾಯಿ ತಪ್ಪಿ ಅಂದರೆ ನಾನು ‘ಇದು ಥಂಡಿ ಏನು?’ ಎಂದು ಅಲ್ಲೇ ಕೂತುಬಿಡುತ್ತಿದ್ದೆ. ಬಕೆಟ್ಟಿನ ನೀರನ್ನು ಸುತ್ತಿಗೆಯಿಂದ ಒಡೆದು ಪಾತ್ರೆಗೆ ಹಾಕಿ ಕಾಯಿಸುವುದು, ಗಟ್ಟಿಯಾದ ಡೀಸೆಲ್ ಕರಗಿಸಲು ಟ್ಯಾಂಕಿನ ಬುಡಕ್ಕೆ ಬೆಂಕಿ ಹಿಡಿಯುವುದು, ಉಳ್ಳಾಗಡ್ಡಿ ಕೈಯಿಂದ ಜಾರಿದರೆ ಕಲ್ಲು ಬಿದ್ದಂತೆ ಸದ್ದಾಗುವುದು, ಹೆಂಡತಿ ಪಾರ್ಸಲ್ ಕಳಿಸಿದ ಖಡಕ್ ರೊಟ್ಟಿಯೊಂದೇ ಆ ಹವೆಗೆ ಬಗ್ಗದೆ ಮೊದಲಿನಷ್ಟೇ ಖಡಕ್ಕಾಗಿ ಉಳಿಯುವುದು, ಇವೆಲ್ಲ ಮುಗಿಯುವ ತನಕ ಕೇಳುವವನಿಗೆ ಬಿಡುಗಡೆ ಇರಲಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವರು ಮುಂಜಾನೆ ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದವರು ನಾನು ಬರುವುದನ್ನು ಕಂಡು ಬೆಂಕಿ ಬಿಟ್ಟು ಕೆಲಸಕ್ಕೆ ಎದ್ದದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ನಮ್ಮ ಅಣ್ಣ ಅದರಿಂದ ಹೊಲದ ಕೆಲಸ ಬೇಗ ಸಾಗಿತೆಂದು ಸಂತೋಷಪಟ್ಟ.

ಇಷ್ಟೆಲ್ಲ ಹೇಳುತ್ತಿದ್ದವನು ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನನಗೆ ಆ ಚಳಿ ಹಿಡಿಸಿಬಿಟ್ಟಿತ್ತು. ಹಿಮ ಬಿದ್ದು ನಿಂತ ಮರುದಿನ ಬಿಸಿಲು ಬಿತ್ತೆಂದರೆ, ಆ ಗುಡ್ಡಗಳ ಎದುರು ನಿಂತವನಿಗೆ ತನ್ನ ಹೆಸರೂ ನೆನಪಾಗುವುದಿಲ್ಲ. ಅಷ್ಟು ದೊಡ್ಡದೊಂದು ಅಷ್ಟು ಸುಮ್ಮನೆ ಇರಬಲ್ಲದು ಎಂಬುದು ಕಬ್ಬಿನ ಟ್ರ್ಯಾಕ್ಟರುಗಳ ಹಾಡಿನ ನಡುವೆ ಬೆಳೆದ ನನಗೆ ಗೊತ್ತೇ ಇರಲಿಲ್ಲ. ಜೊತೆಗೆ ಅಲ್ಲಿನ ಸಾಹೇಬರು ಫೋನಿನಲ್ಲಿ, ನಿನ್ನ ಕೈ ತಾಗದೆ ಆ ಮಷಿನ್ನುಗಳು ಏಳುವುದಿಲ್ಲ, ಈ ಚಳಿಗಾಲಕ್ಕೂ ಬಂದುಬಿಡು ಎಂದಿದ್ದರು. ತಿಂಗಳ ಕೊನೆಗೆ ಹೇಳುತ್ತೇನೆ ಅಂದೆ. ಒಳಗೊಳಗೇ ಹೋಗುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

ಹೆಂಡತಿ ಸುನಂದಾಗೆ ಹೇಳುವುದಷ್ಟೇ ಬಾಕಿ. ಅದೇ ದೊಡ್ಡ ಕೆಲಸ. ನಾನು ಖಾಯಂ ಬಂದೆನೆಂದು ಅವಳು ನಂಬಿದ್ದಳು. ರಾಯಬಾಗದಲ್ಲಿ ಒಂದು ಗ್ಯಾರೇಜು ಹಾಕಲು ಜಾಗವನ್ನೂ ನೋಡಿಟ್ಟಿದ್ದಳು. ಹಿಮ ಬಿದ್ದು ಫೋನು ಹತ್ತದ ದಿನಗಳಲ್ಲಿ ಅವಳು ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕ, ನೆಟ್‌ವರ್ಕ್ ಸಿಗುವ ಆ ಒಂದು ಮೂಲೆಯಲ್ಲಿ, ಫೋನು ಹಿಡಿದು ನಿಂತೇ ಇರುತ್ತಿದ್ದಳಂತೆ. ಇದನ್ನು ಅವಳು ಹೇಳಿದ್ದಲ್ಲ, ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಹೇಳಿದ್ದು. ಅಂಥವಳಿಗೆ ‘ಮತ್ತ ಹೊಂಟೇನಿ’ ಎಂದು ಅಡುಗೆಮನೆಯಲ್ಲಿ ನಿಂತು ಹೇಳುವಷ್ಟು ಗಂಡಸುತನ ನನ್ನಲ್ಲಿರಲಿಲ್ಲ. ಹಿಮದಲ್ಲಿ ಡೋಜರ್ ಕೆಳಗೆ ನುಗ್ಗುವುದು ಬೇರೆ ಮಾತು. ಆದ್ದರಿಂದ ಒಂದು ಉಪಾಯ ಮಾಡಿದೆ. ಯಾವುದಾದರೂ ಬೆಚ್ಚಗಿನ ದ್ವೀಪಕ್ಕೆ ಕರೆದುಕೊಂಡು ಹೋಗುವುದು, ಬಿಸಿಲಿಗೆ ಅವಳ ಮನಸ್ಸು ಬೆಣ್ಣೆಯಾದಾಗ ಮೆಲ್ಲಗೆ ವಿಷಯ ತೆಗೆಯುವುದು. ಮಗಳನ್ನು ಚಿಕ್ಕೋಡಿಯ ಅಜ್ಜಿಯ ಮನೆಗೆ ಬಿಟ್ಟು ಅಂಡಮಾನಿಗೆ ಟಿಕೆಟ್ಟು ತೆಗೆಸಿದೆ.

ಈಗ ನಮ್ಮ ಕಡೆಯ ಒಂದು ಸಂಗತಿ ಹೇಳಬೇಕು. ನಮ್ಮ ಮನೆಗಳಲ್ಲಿ ಪ್ರವಾಸ ಎಂದರೆ ಅದರ ಕೊನೆಗೆ ಒಬ್ಬ ದೇವರು ಇರಬೇಕು. ಗುಡ್ಡ ಹತ್ತಿದರೆ ಮೇಲೆ ಗುಡಿ, ಹೊಳೆಗೆ ಹೋದರೆ ದಂಡೆಯಲ್ಲಿ ಗುಡಿ. ಸುಮ್ಮನೆ ಬಿಸಿಲು ಕಾಯಿಸಿಕೊಳ್ಳಲು ವಿಮಾನ ಹತ್ತುವುದು, ಅದೂ ಬೇಕಾದಷ್ಟು ಬಿಸಿಲಿರುವ ರಾಯಬಾಗ ತಾಲೂಕಿನಿಂದ, ಎಂದರೆ ಜನಕ್ಕೆ ತಲೆ ಕೆಟ್ಟವರಂತೆ ಕಾಣುತ್ತದೆ. ಅಲ್ಲಿ ಯಾವ ದೇವರಿದ್ದಾನೆಂದು ಅಣ್ಣ ಕೇಳಿದ. ನಾನು ತಡವರಿಸಿದೆ. ಸುನಂದಾಳೇ ಒಳಗಿನಿಂದ, ಸಮುದ್ರಕ್ಕೆ ಉಡಿ ತುಂಬಲು ಹೊರಟಿದ್ದೇವೆ ಎಂದಳು. ಅಲ್ಲಿಗೆ ಪ್ರಶ್ನೆ ಮುಗಿಯಿತು. ಮನೆಗೆ ಬಂದ ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿ ಕಳಿಸುವಂತೆ ನಮ್ಮ ಹೆಂಗಸರು ಹೊಳೆಗೂ ತುಂಬುತ್ತಾರೆ. ಕಾಗವಾಡದಲ್ಲಿರುವ ತಂಗಿಯ ಮನೆಗೆ ಹೊರಟಾಗೆಲ್ಲ ಸುನಂದಾ ಕುಡಚಿಯಲ್ಲಿ ಇಳಿದು ಕೃಷ್ಣೆಗೆ ಅಕ್ಕಿ, ಅರಿಷಿಣ, ಕೊಬ್ಬರಿ ಬಟ್ಟಲು ಅರ್ಪಿಸಿಯೇ ಮುಂದೆ ಹೋಗುವವಳು. ಹೊಳೆಗೇ ಇಷ್ಟು ಅಂದಮೇಲೆ ಸಮುದ್ರಕ್ಕೆ ಬಿಡಲಾಗುತ್ತದೆಯೇ? ನನ್ನ ಗುಟ್ಟಿನ ಉಪಾಯ ಹೀಗೆ ಒಂದೇ ಮಾತಿಗೆ ಯಾತ್ರೆಯಾಯಿತು. ವೈನಿ ತಮ್ಮ ಕಡೆಯಿಂದಲೂ ಒಂದು ಹಿಡಿ ಅಕ್ಕಿ ಕಟ್ಟಿಕೊಟ್ಟರು.

ವಿಮಾನ ನಿಲ್ದಾಣದಲ್ಲಿ ಆ ಉಡಿಗೆ ಮೊದಲ ತಡೆ ಬಂತು. ಒಣಕೊಬ್ಬರಿ ಬೆಂಕಿ ಹತ್ತುವ ವಸ್ತುವಂತೆ, ವಿಮಾನದಲ್ಲಿ ಒಯ್ಯುವ ಹಾಗಿಲ್ಲವಂತೆ. ತಪಾಸಣೆಯ ಹುಡುಗಿ ಬಹಳ ವಿನಯದಿಂದಲೇ ಕೊಬ್ಬರಿ ಬಟ್ಟಲನ್ನು ಹೊರಗೆ ತೆಗೆದಿಟ್ಟಳು. ಸುನಂದಾ ಅವಳಿಗೆ ಮರಾಠಿ, ಹಿಂದಿ ಎರಡನ್ನೂ ಕಲಸಿ, ಇದು ಉಣ್ಣುವ ಕೊಬ್ಬರಿ ಅಲ್ಲ, ಉಡಿಯ ಕೊಬ್ಬರಿ ಎಂದು ತಿಳಿಸಿಹೇಳಿದಳು. ಕಾನೂನಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಕೊನೆಗೆ ಅವಳು ಆ ಹುಡುಗಿಗೇ ಕುಂಕುಮ ಹಚ್ಚಿ, ಕೊಬ್ಬರಿ ನೀನೇ ಇಟ್ಟುಕೋ ತಾಯಿ ಎಂದು ಮುಂದೆ ನಡೆದಳು. ನಾನು ಹಿಂದಿನಿಂದ ಬೂಟು ಕೈಯಲ್ಲಿ ಹಿಡಿದು ಓಡಿದೆ.

ಅಂಡಮಾನಿನಲ್ಲಿ ಇಳಿದ ಕೂಡಲೇ ಶೆಕೆ ಮೈಗೆ ಅಪ್ಪಳಿಸಿತು. ನಾನು ಅಭ್ಯಾಸಬಲದಿಂದ ಅಂಗಿಯೊಳಗೆ ಉಣ್ಣೆಯ ಬನಿಯನ್ ಹಾಕಿಕೊಂಡು ಬಂದಿದ್ದೆ. ಟ್ಯಾಕ್ಸಿಯಲ್ಲಿ ಬೆವರು ಸುರಿದು ಸೀಟು ಒದ್ದೆಯಾಯಿತು. ಡ್ರೈವರ್ ಕನ್ನಡಿಯಲ್ಲಿ ನೋಡಿ, ಮೈಯಲ್ಲಿ ಆರಾಮವಿಲ್ಲವೇ ಎಂದು ವಿಚಾರಿಸಿದ. ಅವನಿಗೆ ಲಡಾಖಿನ ಕಥೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ರಸ್ತೆ ತಿರುಗಿತು, ಎದುರಿಗೆ ಸಮುದ್ರ ಬಂತು. ನನ್ನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ನೀರಿಗೆ ಅಂಥ ಬಣ್ಣ ಇರುತ್ತದೆಯೇ? ದಂಡೆಯಲ್ಲಿ ಎಳೆ ಹಸಿರು, ಆಚೆ ನೀಲಿ, ಅದರಾಚೆ ಹೆಸರಿಲ್ಲದ ಇನ್ನೊಂದು ಬಣ್ಣ, ಆಮೇಲೆ ಆಕಾಶ. ಎಲ್ಲಿ ಮುಗಿಯಿತೆಂದು ಹುಡುಕಿದ ಕಣ್ಣು ಸೋತು ಹಿಂದೆ ಬಂತು. ಹಿಮದ ಗುಡ್ಡಗಳ ಮುಂದೆ ನಾನು ಸಣ್ಣವನಾಗಿದ್ದೆ. ಇಲ್ಲಿ ಸಣ್ಣವನಾದರೂ ಯಾಕೋ ಭಯವಾಗಲಿಲ್ಲ.

ಸುನಂದಾ ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟಳು. ನಾನೂ ಇಟ್ಟೆ, ಇಟ್ಟವನು ಹೌಹಾರಿದೆ. ನೀರು ಬೆಚ್ಚಗಿತ್ತು. ಎರಡು ವರ್ಷ ನೀರು ಎಂದರೆ ನನಗೆ ಕಚ್ಚುವ ವಸ್ತು. ಇಲ್ಲಿ ಕಣ್ಣು ಹಾಯುವಷ್ಟು ದೂರದ ನೀರು, ಯಾರೂ ಒಂದು ಕಟ್ಟಿಗೆ ಉರಿಸದೆ, ಸ್ನಾನಕ್ಕೆ ಹದ ಮಾಡಿಟ್ಟ ಹಾಗೆ ಬೆಚ್ಚಗಿದೆ. ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ. ಸುನಂದಾ ಬಗ್ಗಿ ಬೊಗಸೆಯಲ್ಲಿ ತುಂಬಿಕೊಂಡು ನೋಡಿದಳು.

“ಇಷ್ಟು ನೀರ ಯಾರ ಕಾಸಿಟ್ಟಾರರಿ?” ಎಂದು ಮೆಲ್ಲಗೆ ಕೇಳಿದಳು.

ನನ್ನ ಲೆಕ್ಕದಲ್ಲಿ ವಿಷಯ ತೆಗೆಯಲು ಇದಕ್ಕಿಂತ ಒಳ್ಳೆಯ ಘಳಿಗೆ ಇರಲಿಲ್ಲ. ‘ಸುನಂದಾ, ಒಂದು ಮಾತು’ ಎಂದೆ. ಅವಳು ತಿರುಗಿ ನೋಡಿದಳು. ಆ ಮುಖ ನೋಡಿದ ಮೇಲೆ, ಇಲ್ಲಿ ಮೀನು ಕಚ್ಚುತ್ತವೆಯೋ ಏನೋ ಎಂದುಬಿಟ್ಟೆ. ಸಂಜೆ ಎಳನೀರು ಕುಡಿಯುವಾಗ ಮತ್ತೊಮ್ಮೆ ಹೇಳಲು ಹೊರಟು, ಎಳನೀರು ಬಹಳ ಸಿಹಿ ಎಂಬಲ್ಲಿಗೆ ಮುಗಿಸಿದೆ. ಹೀಗೆ ನನ್ನ ಉಪಾಯ ಬರೀ ಹವಾಮಾನ, ಊಟ, ಮೀನುಗಳ ಸುತ್ತಲೇ ತಿರುಗಿತು.

ಮರುದಿನ ಬೆಳಿಗ್ಗೆ ಉಡಿ ತುಂಬುವ ಕೆಲಸ. ಕೊಬ್ಬರಿ ಹೋಗಿತ್ತಲ್ಲ, ದಂಡೆಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ಬಂಗಾಳಿ ಹೆಂಗಸಿನ ಹತ್ತಿರ ಇಡೀ ತೆಂಗಿನಕಾಯಿ ಕೊಂಡೆವು. ಸಮುದ್ರಕ್ಕೆ ಬಟ್ಟೆ ಹಾಕಬಾರದೆಂದು ಆಕೆ ಹೇಳಿದಳು. ಸರಿ, ಉಡಿಗೆಂದು ತಂದಿದ್ದ ರವಿಕೆಯ ಖಣವನ್ನು ಬರೀ ನೀರಿಗೆ ಮುಟ್ಟಿಸಿ ಸುನಂದಾ ಅದನ್ನು ಆಕೆಗೇ ಕೊಟ್ಟಳು. ಆಮೇಲೆ ಮೊಣಕಾಲುದ್ದ ನೀರಿನಲ್ಲಿ ನಿಂತು ಅರಿಷಿಣ ಕುಂಕುಮ ಚೆಲ್ಲಿ, ತನ್ನ ಅಕ್ಕಿ, ವೈನಿಯ ಅಕ್ಕಿ ಎಲ್ಲ ಹಾಕಿ, ತೆಂಗಿನಕಾಯಿಯನ್ನು ಎರಡೂ ಕೈಯಿಂದ ತೇಲಿಬಿಟ್ಟು ಕಣ್ಣು ಮುಚ್ಚಿದಳು. ಕಾಯಿ ತುಸು ದೂರ ಹೋಯಿತು. ದೊಡ್ಡ ತೆರೆಯೊಂದು ಎದ್ದು ಬಂತು. ಅವಳು ಕಣ್ಣು ತೆರೆಯುವಾಗ ಕಾಯಿ ಅವಳ ಸೀರೆಯ ನೆರಿಗೆಗೆ ಬಂದು ತಾಗಿ ನಿಂತಿತ್ತು.

ನಾನು ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದೆ. ನಮ್ಮಲ್ಲಿ ಉಡಿ ತುಂಬಿಸಿಕೊಂಡವಳು ಎಲ್ಲವನ್ನೂ ಕಟ್ಟಿಕೊಂಡು ಹೋಗುವುದಿಲ್ಲ. ಕೊಟ್ಟವಳ ಮನೆ ಬರಿದಾಗಬಾರದೆಂದು ಅದರಲ್ಲೇ ಒಂದಿಷ್ಟನ್ನು ತಿರುಗಿ ಅವಳ ಉಡಿಗೆ ಹಾಕುತ್ತಾಳೆ. ಹೊಳೆಗೆ ಹರಿಯುವ ಅವಸರ, ಅದು ಇಲ್ಲಿಯವರೆಗೆ ಏನನ್ನೂ ತಿರುಗಿ ಕೊಟ್ಟಿರಲಿಲ್ಲ. ಸುನಂದಾ ಸೆರಗು ಒಡ್ಡಿ ಕಾಯಿಯನ್ನು ಅದರಲ್ಲಿ ತೆಗೆದುಕೊಂಡಳು. ಅಷ್ಟು ದೊಡ್ಡ ನೀರು, ನಮ್ಮ ಮನೆಯ ರೀತಿಯನ್ನು ಬಲ್ಲದು ಎಂಬ ಬೆರಗಿನಲ್ಲಿ ನಾನೂ ಕೈ ಮುಗಿದುಬಿಟ್ಟೆ. ತೆರೆಯ ವಿಜ್ಞಾನ ಗೊತ್ತಿದ್ದೂ ಮುಗಿದೆ.

“ನಿಮ್ಮನ್ನೂ ಹಿಂಗ ಕೊಟ್ಟಿದ್ದೆ ನಾ, ಆ ಲಡಾಖಿನ ಬರ್ಫಕ್ಕ,” ಎಂದಳು ಸುನಂದಾ, ಸಮುದ್ರದ ಕಡೆಗೇ ನೋಡುತ್ತ. “ತಿರುಗಿ ಕೊಟ್ಟೈತಿ. ತಿರುಗಿ ಉಡಿಗೆ ಬಂದದ್ದನ್ನ ಮನಿಗೆ ಒಯ್ಯಬೇಕರಿ. ಮತ್ತೊಮ್ಮೆ ಯಾರಿಗೂ ಕೊಡಾಂಗಿಲ್ಲ. ನಿಮ್ಮ ಸಾಹೇಬರಿಗೆ ಹಂಗ ಹೇಳ್ರಿ.”

ನಾನು ನಿಂತ ಮರಳು ಕಾಲ ಕೆಳಗಿನಿಂದ ಜಾರಿದಂತಾಯಿತು. ಸಾಹೇಬರ ಸಂಗತಿ ಇವಳಿಗೆ ಹೇಗೆ ಗೊತ್ತು? ಕೇಳಿದೆ. ಜನರೇಟರಿನ ಪಕ್ಕ ನಿಂತು ಎರಡು ವರ್ಷ ಮಾತಾಡಿದ ನನಗೆ ಸಣ್ಣ ದನಿ ಎಂಬುದೇ ಮರೆತುಹೋಗಿತ್ತಂತೆ. ನಾನು ಹಿತ್ತಿಲಿಗೆ ಹೋಗಿ ಗುಟ್ಟಾಗಿ ಆಡಿದ ಹಿಂದಿ, ಆಚೆ ಓಣಿಯವರಿಗೂ ಸರಿಯಾಗಿ ಕೇಳಿಸಿತ್ತಂತೆ. ಅಂಡಮಾನಿನ ಟಿಕೆಟ್ಟು ಯಾಕೆಂದು, ದೇವರ ಹೆಸರು ಕೇಳಿದ ಅಣ್ಣನೂ ಸೇರಿ, ಅಲಖನೂರಿನ ಎಲ್ಲರಿಗೂ ಗೊತ್ತಿತ್ತು, ಅವರಿಗೆ ಗೊತ್ತಿದೆಯೆಂದು ತಿಳಿಯದವನು ನಾನೊಬ್ಬನೇ. ಗೊತ್ತಿದ್ದೂ ಅವಳು ಒಂದು ಮಾತೂ ಎತ್ತದೆ ಇಲ್ಲಿಯವರೆಗೆ ಬಂದಿದ್ದಳು. ಇಷ್ಟು ವರ್ಷ ಜೊತೆಗೆ ಬದುಕಿದ ಹೆಂಗಸನ್ನು ನಾನು ಅವತ್ತು ಹೊಸದಾಗಿ ನೋಡಿದೆ. ಅವಳೂ ಅಳತೆಗೆ ಸಿಗುವವಳಲ್ಲ.

ಅಲ್ಲೇ ದಂಡೆಯಲ್ಲಿ ನಿಂತು ಸಾಹೇಬರಿಗೆ ಫೋನು ಹಚ್ಚಿದೆ. ಅವರು ಗೋಗರೆದರೆ ಹೇಗೆ ಸಮಾಧಾನ ಮಾಡಬೇಕು, ಪಗಾರ ಏರಿಸುತ್ತೇನೆಂದರೆ ಹೇಗೆ ಗಟ್ಟಿಯಾಗಿ ನಿಲ್ಲಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಬರುವುದಿಲ್ಲ ಎಂದೆ. ಅವರು ‘ಠೀಕ್ ಹೈ, ಕೋಯೀ ಬಾತ್ ನಹೀ, ದೂಸರಾ ಮಿಲ್ ಗಯಾ’ ಎಂದು ಫೋನು ಇಟ್ಟರು. ನನ್ನ ಜಾಗಕ್ಕೆ ಆಗಲೇ ಬೇರೊಬ್ಬ ಸಿಕ್ಕಿದ್ದನಂತೆ. ಒಂದಿಷ್ಟು ಹೊತ್ತು ಫೋನನ್ನು ಕಿವಿಗೇ ಹಿಡಿದು, ಗಂಭೀರವಾಗಿ ತಲೆ ಆಡಿಸುತ್ತ ನಿಂತೆ.

ಏನಂದರು ಎಂದು ಸುನಂದಾ ಕೇಳಿದಳು.

“ಭಾಳ ಬೇಜಾರ ಮಾಡ್ಕೊಂಡ್ರು,” ಎಂದೆ. “ನೀ ಇಲ್ಲದ ಹೆಂಗಪಾ ಅಂತ ಒಂದ ಸವನ ಹಟ ಹಿಡದಿದ್ರು. ಏನ ಮಾಡೂದು, ಇಲ್ಲ ಅಂದೆ.”

“ಹೌದ್ರಿ, ಕೇಳಿಸ್ತು,” ಎಂದಳು ಅವಳು. “ನಿಮ್ಮ ಫೋನಿನ ದನಿನೂ ನಿಮ್ಮಂಗ ಐತಿ.”

ಹಾಗೆಂದು ಸೆರಗಿನಲ್ಲಿದ್ದ ತೆಂಗಿನಕಾಯಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, ಹಿಂಡಲು ಸೀರೆಯ ನೆರಿಗೆ ಎತ್ತಿಕೊಂಡಳು. ನಾನು ಅದನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಅವಳು ಹೊರಡೋಣ ಎನ್ನುವ ತನಕ ಅಲ್ಲೇ ನಿಂತಿದ್ದೆ.