ನೆಗೆಯುವ ಗುಂಡಿಯ ಪ್ರಭಾರ

ಶ್ರೀರಾಂಪುರದ ಸುಮುಖ ಬಡಾವಣೆಯ ನಿವೃತ್ತ ನೌಕರರ ಮನರಂಜನಾ ಸಂಘವು ಜೂನ್ ಹದಿನಾಲ್ಕನೇ ತಾರೀಖು ನಡೆಸಿದ ಅಧಿಕೃತ ಎಣಿಕೆಯ ಪ್ರಕಾರ, ವಿಡಿಯೊ ಗೇಮ್ ನಿಯಂತ್ರಕದಲ್ಲಿ ಒಟ್ಟು ಹದಿನೇಳು ಗುಂಡಿಗಳಿವೆ. ಮೊದಲ ಎಣಿಕೆಯಲ್ಲಿ ಹದಿನಾರೇ ಬಂದಿತ್ತು. ಹದಿನೇಳನೆಯದರ ಮೇಲೆ ಎಣಿಸುವವರ ಬೆರಳೇ ಇದ್ದದ್ದು ಮರು ಎಣಿಕೆಯಲ್ಲಿ ಪತ್ತೆಯಾಯಿತು.

ನಿಯಂತ್ರಕ ಸಂಘಕ್ಕೆ ಬಂದದ್ದು ಮನರಂಜನೆಗಲ್ಲ, ವೈದ್ಯಕೀಯ ಕಾರಣಕ್ಕೆ. ಸಂಘದ ಸದಸ್ಯೆ, ನಿವೃತ್ತ ಬೆರಳಚ್ಚುಗಾರ್ತಿ ವಸಂತಮ್ಮನವರು ಬಚ್ಚಲಲ್ಲಿ ಜಾರಿ ಬಲಗೈ ತೋರುಬೆರಳು ಮುರಿದುಕೊಂಡಿದ್ದರು. ಕಟ್ಟು ಬಿಚ್ಚಿದ ಮೇಲೂ ಬೆರಳು ಮಡಚುತ್ತಿರಲಿಲ್ಲ. ಮೊಮ್ಮಗಳು ಸಿಂಚನಳಿಗೆ ಅವರು ಹೆಣೆದ ಜಡೆ ಶಾಲೆಯ ಬಸ್ಸು ಬರುವಷ್ಟರಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಬೋಗಾದಿಯ ಫಿಸಿಯೊಥೆರಪಿಸ್ಟ್ ಪವಿತ್ರ ಬೆರಳನ್ನು ನೋಡಿ, “ಮೂರು ತಿಂಗಳು ನೋಡೋಣ ಅಮ್ಮ. ದಿನಾ ಒಂದು ಗಂಟೆ ಬೆರಳಿಗೆ ಕೆಲಸ ಕೊಡಿ. ವಿಡಿಯೊ ಗೇಮ್ ಆಡಿದ್ರೂ ಆಗುತ್ತೆ. ಆಗ್ಲೂ ಮಡಚದಿದ್ರೆ ಆಪರೇಷನ್ನೇ” ಎಂದು ಚೀಟಿ ಬರೆದರು. ವಸಂತಮ್ಮ ಚೀಟಿಯನ್ನು ಸಂಘಕ್ಕೆ ಕೊಟ್ಟರು. ಸಂಘ ಹತ್ತೇ ದಿನದಲ್ಲಿ ಆಟದ ಪೆಟ್ಟಿಗೆ ತರಿಸಿತು. ಈ ವೇಗಕ್ಕೆ ಸಂಘವು ಮುಂದೆ ಲಿಖಿತವಾಗಿ ವಿಷಾದ ವ್ಯಕ್ತಪಡಿಸಿದೆ.

ಪೆಟ್ಟಿಗೆಯೊಳಗಿನ ಆಟ ಸರಳವಾಗಿತ್ತು. ಹಳದಿ ಟೋಪಿಯವನೊಬ್ಬ ಓಡಿ ಬಂದು, ಹೊಳೆಯನ್ನು ನೆಗೆದು, ಆಚೆ ದಡದ ಮಾವಿನಹಣ್ಣು ಕೀಳಬೇಕು. ಆದರೆ ಅಧ್ಯಕ್ಷರಾದ ನಿವೃತ್ತ ಉಪ ಕಾರ್ಯದರ್ಶಿ ಕೃಷ್ಣಸ್ವಾಮಿಯವರು ನಿಯಂತ್ರಕವನ್ನು ತಿರುಗಿಸಿ ಮುರುಗಿಸಿ ನೋಡಿ, ಹದಿನೇಳು ಗುಂಡಿಗಳನ್ನು ಒಬ್ಬರೇ ಒತ್ತುವುದು ಅಧಿಕಾರದ ಕೇಂದ್ರೀಕರಣವಾಗುತ್ತದೆ ಎಂದು ಅಭಿಪ್ರಾಯಪಟ್ಟರು. ಕೂಡಲೇ ಕಾರ್ಯಹಂಚಿಕೆ ಆದೇಶ ಹೊರಟಿತು. ಜ್ಯೇಷ್ಠತಾ ಪಟ್ಟಿಯಂತೆ ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ನಡುವೆ ಇರುವ ಸಣ್ಣ ಕಡ್ಡಿಯು ಎಲ್ಲ ದಿಕ್ಕಿಗೂ ವಾಲುವ ಗುಣವುಳ್ಳದ್ದರಿಂದ ಅದು ಅಧ್ಯಕ್ಷರಿಗೇ ಸಲ್ಲತಕ್ಕದ್ದೆಂದು ತೀರ್ಮಾನವಾಯಿತು. ಒತ್ತಿದರೆ ಏನೂ ಆಗದ ಗುಂಡಿಯೊಂದಿತ್ತು. ಅದಕ್ಕೆ ಬೇಡಿಕೆ ಹೆಚ್ಚಿ, ಸೇವಾ ದಾಖಲೆ ಪರಿಶೀಲಿಸಿ ಅತ್ಯಂತ ಅನುಭವಿಗಳಿಗೆ ಕೊಡಲಾಯಿತು.

ವಸಂತಮ್ಮನವರಿಗೆ ಯಾವ ಗುಂಡಿಯೂ ಬರಲಿಲ್ಲ.

“ಸಾರ್, ನನ್ನ ಟೈಪ್‌ರೈಟರ್‌ನಲ್ಲಿ ಇದರ ಎರಡರಷ್ಟು ಕೀಲಿ ಇತ್ತು. ಮೂವತ್ತೊಂದು ವರ್ಷ ಒಬ್ಬಳೇ ಒತ್ತಿದ್ದೀನಿ” ಎಂದರು ಅವರು.

“ಅದು ಬೇರೆ, ವಸಂತಮ್ಮ” ಎಂದು ಕೃಷ್ಣಸ್ವಾಮಿಯವರು ಸಮಾಧಾನದಿಂದಲೇ ವಿವರಿಸಿದರು. “ಅಲ್ಲಿ ನೀವು ಒತ್ತಿದ್ದು ನಮ್ಮ ಅಭಿಪ್ರಾಯ. ಇಲ್ಲಿ ಒತ್ತಿದರೆ ಅದು ನಿಮ್ಮ ಅಭಿಪ್ರಾಯ ಆಗಿಬಿಡುತ್ತೆ.”

“ಬೆರಳು ನನ್ನದಲ್ವಾ ಸಾರ್?”

“ಬೆರಳಿನ ಬಗ್ಗೆ ಸಂಘಕ್ಕೆ ಪೂರ್ಣ ಸಹಾನುಭೂತಿ ಇದೆ.”

ಜೂನ್ ಹದಿನೆಂಟರ ಸಂಜೆ ಮೊದಲ ಆಟ. ಟೀಪಾಯಿಯ ಮೇಲೆ ನಿಯಂತ್ರಕ. ಸುತ್ತ ಹದಿನೇಳು ಗುಂಡಿಗಳ ಹದಿನೇಳು ಅಧಿಕಾರಿಗಳು, ಜೊತೆಗೆ ಕಡ್ಡಿ ಹಿಡಿದ ಅಧ್ಯಕ್ಷರು. ಟೋಪಿಯವನು ಉತ್ಸಾಹದಿಂದ ಓಡಿ ಬಂದು ಹೊಳೆಯ ದಡದಲ್ಲಿ ನಿಂತ. ಅಧ್ಯಕ್ಷರು “ನೆಗೆತ!” ಎಂದರು. ಏನೂ ಆಗಲಿಲ್ಲ. ನೆಗೆಯುವ ಗುಂಡಿ ನಿವೃತ್ತ ಸರ್ವೇಯರ್ ಅಮರೇಶ್ ಅವರದು. ಅವರು ಟೀಪಾಯಿಯ ಮೇಲೆ ಕನ್ನಡಕ ಹುಡುಕುತ್ತಿದ್ದರು. ಕನ್ನಡಕ ಸಿಗುವಷ್ಟರಲ್ಲಿ ಸಭೆಯ ಸಮಯ ಮುಗಿದಿತ್ತು. ಮರುದಿನ ಬೆಳಿಗ್ಗೆ ಅಮರೇಶ್ ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಶಿವಮೊಗ್ಗಕ್ಕೆ ಹೋದರು, ಎರಡು ತಿಂಗಳು. ಗುಂಡಿಯ ಪ್ರಭಾರವನ್ನು ಯಾರಿಗೂ ವಹಿಸಿ ಹೋಗಿರಲಿಲ್ಲ.

ಸಂಘದ ಬಾಗಿಲು ತೆಗೆದು ಕಸ ಗುಡಿಸುವ, ನಿವೃತ್ತ ಜವಾನ ಕೆಂಪಯ್ಯನವರಿಗೆ ಇದರಲ್ಲಿ ತೊಡಕೇನೆಂದು ಅರ್ಥವಾಗಲಿಲ್ಲ. “ಸಾ, ಯಾರಾದ್ರೂ ಒತ್ಬುಟ್ರೆ ಆಯ್ತಲ್ಲ ಸಾ. ಅಂಗೇ ಬೆರ್ಳಿಟ್ರೆ ಎಗರ್ತಾನೆ.”

“ಒತ್ತಬಹುದು ಕೆಂಪಯ್ಯ. ಆಮೇಲೆ ಅವನು ಹೊಳೆಗೆ ಬಿದ್ದರೆ ಯಾರ ಸಹಿ?”

ಕೆಂಪಯ್ಯ ಹೊಳೆಯನ್ನೊಮ್ಮೆ, ಅಧ್ಯಕ್ಷರನ್ನೊಮ್ಮೆ ನೋಡಿ ಪೊರಕೆ ಎತ್ತಿಕೊಂಡರು. ಮಾರನೆಯ ದಿನ ಗೋಡೆಯ ಮೇಲೆ ಪ್ರಕಟಣೆ ಕಾಣಿಸಿತು: “ನೆಗೆಯುವ ಗುಂಡಿಯ ಪ್ರಭಾರ ಇತ್ಯರ್ಥವಾಗುವವರೆಗೆ ಟಿ.ವಿ. ಆರಿಸತಕ್ಕದ್ದಲ್ಲ. ಹೊಳೆ ದಾಟುವ ಸಂಬಂಧ ಸದಸ್ಯರು ಟೋಪಿಯವರೊಂದಿಗೆ ನೇರವಾಗಿ ವ್ಯವಹರಿಸಬಾರದು.”

ಈ ಪ್ರಕಟಣೆಯನ್ನು ಟೈಪ್ ಮಾಡಿದವರು ವಸಂತಮ್ಮ. ಸಂಘದಲ್ಲಿ ಕಂಪ್ಯೂಟರ್ ಇದೆ. ಆದರೆ ಅದರ ಕೀಲಿಮಣೆಯಲ್ಲಿ ನೂರಕ್ಕೂ ಹೆಚ್ಚು ಗುಂಡಿಗಳಿದ್ದು, ಕಾರ್ಯಹಂಚಿಕೆ ಬಾಕಿ ಇದೆ. ಆದ್ದರಿಂದ ಕಚೇರಿಯೊಂದರ ಹರಾಜಿನಲ್ಲಿ ತಂದ ಹಳೆಯ ಟೈಪ್‌ರೈಟರನ್ನೇ ಬಳಸಬೇಕಾಗಿತ್ತು. ಅದರ ಕೀಲಿಗಳು ಒನಕೆಯಂತೆ ಗಟ್ಟಿ.

ಶಿವಮೊಗ್ಗಕ್ಕೆ ಕಾರಣ ಕೇಳಿ ನೋಟಿಸ್ ಹೋಯಿತು. ಅಮರೇಶ್ ಉತ್ತರ ಬರೆದರು. ಉತ್ತರ ಸಮರ್ಪಕವಾಗಿಲ್ಲವೆಂದು ಜ್ಞಾಪನ ಹೋಯಿತು. ಜ್ಞಾಪನಕ್ಕೆ ನೆನಪೋಲೆ, ನೆನಪೋಲೆಗೆ ತಿದ್ದೋಲೆ. ಓಡುವ ಗುಂಡಿಯವರು ನೆಗೆಯುವ ಗುಂಡಿಯ ಹೆಚ್ಚುವರಿ ಪ್ರಭಾರ ಕೋರಿದರು. ಬಗ್ಗುವ ಗುಂಡಿಯವರು ಆಕ್ಷೇಪಿಸಿದರು. ಎಲ್ಲವೂ ಕಾರ್ಬನ್ ಹಾಳೆಯಿಟ್ಟು ನಾಲ್ಕು ಪ್ರತಿ. ಮೊದಲ ವಾರ ತೋರುಬೆರಳಿನ ಪಾಲಿನ ಅಕ್ಷರಗಳೆಲ್ಲ ಮಸುಕಾಗಿ ಮೂಡಿ, ನಾಲ್ಕನೇ ಪ್ರತಿಯಲ್ಲಿ ಮಾಯವೇ ಆಗುತ್ತಿದ್ದವು. ಕೃಷ್ಣಸ್ವಾಮಿಯವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, “ಪುನಃ” ಎಂದು ವಾಪಸ್ ಕಳಿಸುತ್ತಿದ್ದರು. ವಸಂತಮ್ಮ ಪುನಃ ಒತ್ತುತ್ತಿದ್ದರು.

ಜುಲೈನ ಒಂದು ಮಧ್ಯಾಹ್ನ ಸಂಘದಲ್ಲಿ ಟೈಪ್ ಮಾಡುತ್ತಿದ್ದ ವಸಂತಮ್ಮನವರ ಹೊರತು ಸದಸ್ಯರು ಯಾರೂ ಇರಲಿಲ್ಲ. ಕೆಂಪಯ್ಯ ನಿಯಂತ್ರಕವನ್ನು ಟವೆಲ್ಲಿನಲ್ಲಿ ಹಿಡಿದು ತಂದು ಅವರ ಮುಂದಿಟ್ಟರು.

“ಅಕ್ಕಾ, ಒತ್ಬುಡಿ. ಬೆರ್ಳಿಗೂ ಕೆಲ್ಸ ಆಯ್ತದೆ, ಪಾಪ ಆ ಮನುಷ್ಯನೂ ದಾಟ್ಕತಾನೆ. ಒಂದ್ ತಿಂಗ್ಳಿಂದ ತಲೆ ಕೆರ್ಕೊಂಡ್ ನಿಂತವ್ನೆ.”

ವಸಂತಮ್ಮ ಕೈ ಚಾಚಿದರು. ಬೆರಳು ಗುಂಡಿಯ ಮೇಲೆ ಹೋಗಿ ಕೂತಿತು. ಪರದೆಯಲ್ಲಿ ಟೋಪಿಯವನೂ ತಲೆ ಕೆರೆಯುವುದನ್ನು ನಿಲ್ಲಿಸಿದಂತೆ ಕಂಡಿತು. ಆಮೇಲೆ ಅವರು ಕೈ ಹಿಂದೆ ತೆಗೆದುಕೊಂಡರು.

“ಬೇಡ ಕಣಪ್ಪ ಕೆಂಪಯ್ಯ. ಒತ್ತಿದ್ರೆ ನನಗೆ ನೋಟಿಸ್ ಬರುತ್ತೆ.”

“ಬಂದ್ರೆ ಬರ್ಲಿ ಬುಡಿ!”

“ಅದನ್ನೂ ನಾನೇ ಟೈಪ್ ಮಾಡ್ಬೇಕಲ್ಲ. ನಾಲ್ಕು ಪ್ರತಿ.”

ಆಗಸ್ಟ್ ಹೊತ್ತಿಗೆ ಕಡತ ನಾಲ್ಕು ಬೆರಳು ದಪ್ಪವಾಯಿತು. ಅಮರೇಶ್ ಶಿವಮೊಗ್ಗದಿಂದ ಮರಳಿ, ಕರ್ತವ್ಯಕ್ಕೆ ವರದಿ ಮಾಡಿಕೊಂಡು, ಕನ್ನಡಕ ಧರಿಸಿ, ಎಲ್ಲರ ಸಮಕ್ಷಮದಲ್ಲಿ ಗುಂಡಿ ಒತ್ತಿದರು. ಅಂದು ಓಡುವ ಗುಂಡಿಯವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೋಗಿದ್ದರು. ಟೋಪಿಯವನು ನಿಂತಲ್ಲೇ ನೆಗೆದು, ನಿಂತಲ್ಲೇ ಇಳಿದ. ಸಭೆ ಚಪ್ಪಾಳೆ ತಟ್ಟಿತು. ಓಡುವ ಗುಂಡಿಯ ಸಂಬಂಧ ಹೊಸ ಕಡತ ತೆರೆಯಲಾಯಿತು.

ಸೆಪ್ಟೆಂಬರ್ ಮೊದಲ ವಾರ ಮೂರು ತಿಂಗಳ ಗಡುವು ಮುಗಿಯಿತು. ವಸಂತಮ್ಮ ಬೋಗಾದಿಗೆ ಹೋಗುವಾಗ ಆಪರೇಷನ್ನಿಗೆ ಬೇಕಾಗಬಹುದೆಂದು ಒಂದು ಜೊತೆ ಬಟ್ಟೆಯನ್ನೂ ಚೀಲದಲ್ಲಿಟ್ಟುಕೊಂಡಿದ್ದರು. ಪವಿತ್ರ ಬೆರಳನ್ನು ಹಿಡಿದು ಮಡಚಿಸಿದರು. ಮಡಚಿತು. ತಮ್ಮ ಕೈಯನ್ನು ಬಿಗಿಯಾಗಿ ಹಿಡಿಯಲು ಹೇಳಿ, ಎರಡು ಕ್ಷಣದಲ್ಲಿ “ಸಾಕು ಸಾಕು ಅಮ್ಮ, ಬಿಡಿ!” ಎಂದರು.

“ಆಪರೇಷನ್ ಬೇಡವೇ ಬೇಡ. ಏನ್ಮಾಡಿದ್ರಿ ಇಷ್ಟು ಚೆನ್ನಾಗಾಗೋಕೆ?”

“ನೀವು ಹೇಳಿದ್ರಲ್ಲ ಕಣಮ್ಮ, ವಿಡಿಯೊ ಗೇಮು.”

“ದಿನಕ್ಕೆ ಎಷ್ಟು ಹೊತ್ತು ಆಡಿದ್ರಿ?”

“ನಾನು ಮುಟ್ಟೇ ಇಲ್ಲ.”

ಪವಿತ್ರ ಹೊರಗೆ ಕಾಯುತ್ತಿದ್ದವರ ಸಾಲನ್ನು ನೋಡಿ, ಚೀಟಿಯಲ್ಲಿ “ವಿಡಿಯೊ ಗೇಮ್ ಇದೇ ರೀತಿ ಮುಂದುವರಿಸುವುದು” ಎಂದು ಬರೆದರು.

ಚೀಟಿಯನ್ನು ಸರ್ವಸದಸ್ಯರ ಸಭೆಯಲ್ಲಿ ಓದಲಾಯಿತು. ನಿಯಂತ್ರಕಗಳು ಅನಗತ್ಯವಾಗಿ ಜಟಿಲವಾಗುತ್ತಿವೆ ಎಂಬ ಹೊರಗಿನವರ ಟೀಕೆಗೆ ಇದು ವೈಜ್ಞಾನಿಕ ಉತ್ತರ ಎಂದು ಕೃಷ್ಣಸ್ವಾಮಿಯವರು ನುಡಿದರು. ಇನ್ನಷ್ಟು ಗುಂಡಿಗಳಿರುವ ನಿಯಂತ್ರಕ ತರಿಸಬೇಕೆಂಬ ಠರಾವು ಬಂತು. ಕೆಂಪಯ್ಯ ಬಾಗಿಲಿನಿಂದಲೇ, “ಅಂಗಾರೆ ಆ ಮನುಷ್ಯ ದಾಟೋದು ಯಾವಾಗ ಸಾ?” ಎಂದು ಕೇಳಿದರು.

ಉತ್ತರ ಕೊಟ್ಟವರು ವಸಂತಮ್ಮ. “ದಾಟಿಬಿಟ್ರೆ ನನ್ನ ಬೆರಳಿನ ಗತಿ ಏನು ಕಣಪ್ಪ?”

ಠರಾವು ಅವಿರೋಧವಾಗಿ ಅಂಗೀಕಾರವಾಯಿತು. ಅಂದೇ ವಸಂತಮ್ಮ ಅದನ್ನು ಟೈಪ್ ಮಾಡಿದರು. ನಾಲ್ಕನೇ ಪ್ರತಿಯಲ್ಲೂ ಒಂದಕ್ಷರ ಮಸುಕಾಗಿರಲಿಲ್ಲ. ಸಿಂಚನ ಈಗ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ “ಅಜ್ಜಿ, ಮೆತ್ತಗೆ!” ಎಂದು ಕೂಗುವುದು ಎದುರು ಮನೆಗೂ ಕೇಳುತ್ತದೆ. ಟೋಪಿಯವನು ದಡದಲ್ಲೇ ಇದ್ದಾನೆ. ಪ್ರತಿ ಸೋಮವಾರ ಕೆಂಪಯ್ಯ ಒದ್ದೆ ಬಟ್ಟೆಯಿಂದ ಅವನ ಮೇಲಿನ ಧೂಳು ಒರೆಸಿ, ಹಾಜರಿ ಪುಸ್ತಕದಲ್ಲಿ ಅವನಿಗೂ ಗುರುತು ಹಾಕುತ್ತಾರೆ.