ಮೀನಿನ ತೊಟ್ಟಿಯಲ್ಲಿ ಕರೆಂಟು

ಮೈಯಲ್ಲಿ ಸಣ್ಣದೇನಾದರೂ ಆದರೆ ಅದಕ್ಕೊಂದು ದೊಡ್ಡ ರೋಗದ ಹೆಸರು ಹುಡುಕುವ ಚಟ ಕೆಲವರಿಗಿರುತ್ತದೆ. ನಾನು ಆ ಪೈಕಿ. ನವಿ ಮುಂಬಯಿಯ ಐರೋಲಿಯ ಫ್ಲಾಟಿಗೆ ಬಂದ ಹೊಸತರಲ್ಲಿ, ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಗಾಜಿನ ತೊಟ್ಟಿ ತಂದು ನಾಲ್ಕು ಏಂಜೆಲ್ ಮೀನು ಬಿಟ್ಟೆ. ಗಾಳಿಗೆ ಪಂಪು, ಚಳಿಗೆ ನೀರಲ್ಲೇ ಮುಳುಗಿರುವ ಗಾಜಿನ ಹೀಟರು. ಮೀನನ್ನು ಸಾರಿಗಲ್ಲದೆ ಹೀಗೆ ಬೆಚ್ಚಗಿಡುವುದನ್ನು ಕಂಡು ಉಡುಪಿಯಿಂದ ಬಂದಿದ್ದ ಭಾವ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

ಆ ಜನವರಿಯಲ್ಲಿ ಪಾಚಿ ತೆಗೆಯಲು ನೀರಿಗೆ ಕೈ ಹಾಕಿದಾಗಲೆಲ್ಲ ಬೆರಳು ಜುಮ್ಮೆನ್ನತೊಡಗಿತು. ಸಕ್ಕರೆ ಕಾಯಿಲೆಯೆಂದು ನಿರ್ಧರಿಸಿದೆ. ವಾಶಿಯ ಡಾಕ್ಟರು ರಕ್ತ ನೋಡಿ ಅಲ್ಲವೆಂದರು. ಕತ್ತಿನ ಎಲುಬು ಸವೆದಿದೆಯೆಂದೆ, ಅದೂ ಅಲ್ಲವಂತೆ. ಇಷ್ಟಾಗುವಾಗ ಹೆಂಡತಿ ಸುಮತಿ ಅಕ್ಕಿ ಆರಿಸುತ್ತಲೇ ಕೇಳಿದಳು: "ನೀರಿಗೆ ಕೈ ಹಾಕುವಾಗ ಮಾತ್ರ ಜುಂ ಅನ್ನುದಲ್ವಾ? ಹಾಗಾದ್ರೆ ಪರೀಕ್ಷೆ ಮಾಡಿಸ್ಬೇಕಾದ್ದು ನಿಮ್ಮನ್ನಲ್ಲ, ಆ ತೊಟ್ಟಿಯನ್ನು."

ನಮ್ಮ ಹೌಸಿಂಗ್ ಸೊಸೈಟಿಯ ಎಲೆಕ್ಟ್ರಿಶಿಯನ್ ಕದಂ ಕಾಕಾ ಬಂದರು. ಟೆಸ್ಟರಿನ ತುದಿಯನ್ನು ನೀರಿಗೆ ಮುಟ್ಟಿಸಿದರು. ಅದರ ಹೊಟ್ಟೆಯಲ್ಲಿ ಕೆಂಪು ದೀಪ ಹತ್ತಿಕೊಂಡಿತು. ನೀರಿಗೇ ಕರೆಂಟು ಬಂದಿತ್ತು, ಅದರಲ್ಲಿ ನಾಲ್ಕೂ ಮೀನು ಬಾಲ ಬೀಸಿಕೊಂಡು ಆರಾಮವಾಗಿದ್ದವು! ಕರೆಂಟಿಗೆ ನೆಲ ಸೇರುವ ದಾರಿ ಬೇಕು, ಮೀನಿನಿಂದ ಆ ದಾರಿ ಸಿಗುವುದಿಲ್ಲ, ನಿಮ್ಮಿಂದ ಸಿಗುತ್ತದೆ ಎಂದರು ಕಾಕಾ. ಹೀಟರು ಕಿತ್ತು ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಬಿರುಕು. ಆಮೇಲೆ ನನ್ನ ಕಾಲಿನ ರಬ್ಬರಿನ ಹವಾಯಿ ಚಪ್ಪಲಿಯನ್ನು ದಿಟ್ಟಿಸಿ, "ಇಸೀ ನೇ ಬಚಾಯಾ, ಸಾಹೇಬ್", ಉಳಿಸಿದ್ದು ಇದೇ ಎಂದರು. ಅಂದು ಮಲಗುವವರೆಗೂ ನಾನು ಆ ಚಪ್ಪಲಿ ಬಿಚ್ಚಲಿಲ್ಲ.

ಮರುದಿನ ಅವರು ಮೇನ್ ಬೋರ್ಡಿಗೆ ಇ.ಎಲ್.ಸಿ.ಬಿ. ಎಂಬ ಸ್ವಿಚ್ಚು ಕೂರಿಸಿದರು. ಹೋದ ಕರೆಂಟು ಅಷ್ಟೂ ವಾಪಸು ಬಂತೇ ಎಂದು ಅದು ಸದಾ ನೋಡುತ್ತಿರುತ್ತದಂತೆ. ಒಂದು ಚೂರು ಯಾರದಾದರೂ ಮೈಯ ಮೂಲಕ ನೆಲಕ್ಕಿಳಿದರೂ ಸಾಕು, ರೆಪ್ಪೆ ಮುಚ್ಚುವುದರೊಳಗೆ ಎಲ್ಲ ಬಂದ್. ತೋರಿಸಲೆಂದು ಆ ಒಡಕು ಹೀಟರನ್ನೇ ಪ್ಲಾಸ್ಟಿಕ್ ಬಕೆಟಿನ ನೀರಿಗಿಳಿಸಿ, ಪ್ಲಗ್ಗು ಹಾಕಿ, ನಮ್ಮನ್ನು ದೂರ ನಿಲ್ಲಿಸಿ, ನೆಲಕ್ಕೆ ಹೋಗುವ ಅರ್ಥಿಂಗಿನ ತಂತಿಯನ್ನು ಮನುಷ್ಯನ ಬೆರಳಿನಂತೆ ನೀರಿಗೆ ಮುಟ್ಟಿಸಿದರು. ಟಪ್! ಫ್ಯಾನು ನಿಂತಿತು, ಫ್ರಿಜ್ಜು ಸುಮ್ಮನಾಯಿತು. ಆ ತಂತಿಯ ಜಾಗದಲ್ಲಿ ನನ್ನ ಕೈಯಿದ್ದಿದ್ದರೆ ಎಂದುಕೊಂಡೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ವಸ್ತು ನನ್ನ ಪ್ರಾಣವನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳಬಲ್ಲದೆಂದು ತಿಳಿದು ಕಣ್ಣು ಮಂಜಾಯಿತು.

ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ, ಮನೆಯ ಕರೆಂಟು ಹೋದರೆ ಸ್ವಿಚ್ಚು ಸರಿಯಿದೆಯೆಂದರ್ಥ ಎಂದು ಹೇಳಿ ಕಾಕಾ ಹೋದರು. ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಒತ್ತತೊಡಗಿದೆ. ಒಂದು ದಿನ ಮಿಕ್ಸಿ ಅರ್ಧಕ್ಕೇ ನಿಂತಾಗ ಸುಮತಿ ಅಡುಗೆಮನೆಯಿಂದ, "ನಿಮ್ಮ ಜೀವ ಉಳ್ದದ್ದು ಸಂತೋಷವೇ. ಚಟ್ನಿಯನ್ನೂ ಬದುಕ್ಲಿಕ್ಕೆ ಬಿಡಿ" ಎಂದಳು. ಅಷ್ಟಕ್ಕೇ ಬಿಡದೆ, ಮರದ ಸೌಟು ಎಲ್ಲಿ ಹೋಯಿತೆಂದು ಹುಡುಕುತ್ತಾ ಹೊರಗೆ ಬಂದಳು. ನಾನು ಚಪ್ಪಲಿ ಹಾಕಿಕೊಂಡು ಮರದ ಸ್ಟೂಲಿನ ಮೇಲೆ ನಿಂತಿದ್ದೆ. ಸೌಟು ನನ್ನ ಕೈಯಲ್ಲಿತ್ತು. ನನ್ನನ್ನು ಕಾಯಲೆಂದೇ ಇರುವ ಆ ಸ್ವಿಚ್ಚನ್ನು ಬರಿಗೈಯಲ್ಲಿ ಮುಟ್ಟುವ ಧೈರ್ಯ ನನಗಿನ್ನೂ ಬಂದಿಲ್ಲ.